ಕುಸುಮರೋಗ: ರಾಣಿಯ ಅರಮನೆಯಿಂದ ನಮ್ಮ ಮನೆಯವರೆಗೆ

ನಮ್ಮ ಅಜ್ಜಿಯ ಟ್ರಂಕಿನಲ್ಲಿ ರಾಣಿ ಛಾಪಿನ ಎರಡು ಬೆಳ್ಳಿ ರೂಪಾಯಿಗಳಿದ್ದವು. ಆ ವಿಕ್ಟೋರಿಯಾ ರಾಣಿಗೂ ಧಾರವಾಡದ ನಮ್ಮ ಅಕ್ಕನಿಗೂ ಸಂಬಂಧವಿದೆಯೆಂದರೆ ವಾಚಕರು ನಕ್ಕಾರು. ಅದು ರೋಗದ ಸಂಬಂಧ. ಅಕ್ಕನ ಮಗ ಐದು ವರ್ಷದವನಿದ್ದಾಗ ಅಂಗಳದಲ್ಲಿ ಬಿದ್ದ, ಮೊಣಕಾಲು ಊದಿಕೊಂಡಿತು. ಹಾಲುಹಲ್ಲು ಬಿದ್ದಾಗ ಎರಡು ದಿನ ರಕ್ತ ನಿಲ್ಲಲಿಲ್ಲ. "ಸೊಸೆಯ ತವರಿನ ದೋಷ" ಎಂದರು ಮನೆಯ ಹಿರಿಯರು. ವೈದ್ಯರು ಹಿಮೋಫಿಲಿಯಾ ಎಂದರು, ಕನ್ನಡದಲ್ಲಿ ಕುಸುಮರೋಗ.

ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಎಂಟನೆಯದು ಕಡಿಮೆಯಾದರೆ ಹಿಮೋಫಿಲಿಯಾ ಎ, ಒಂಬತ್ತನೆಯದಾದರೆ ಬಿ. ಎರಡರ ಜೀನುಗಳೂ ಎಕ್ಸ್ ವರ್ಣತಂತುವಿನಲ್ಲಿವೆ. ಗಂಡಿಗೆ ಎಕ್ಸ್ ಒಂದೇ. ಜೀನು ಕೆಟ್ಟರೆ ರೋಗ. ಹೆಣ್ಣಿಗೆ ಎರಡು, ಒಂದು ಕೆಟ್ಟರೂ ಇನ್ನೊಂದು ಬಹುಮಟ್ಟಿಗೆ ಕಾಯುತ್ತದೆ. ಆಕೆ ವಾಹಕಿ. ಹೆಂಗಸರು ತಾವು ನರಳದೆ ಮಕ್ಕಳಿಗೆ ದಾಟಿಸುವರೆಂದು ಅಮೆರಿಕದ ವೈದ್ಯ ಜಾನ್ ಆಟೊ 1803ರಲ್ಲೇ ಬರೆದಿದ್ದ.

ವಿಕ್ಟೋರಿಯಾ ರಾಣಿಯ ಮಗ ಲಿಯೊಪೋಲ್ಡ್ 1884ರಲ್ಲಿ ಜಾರಿಬಿದ್ದು ರಕ್ತಸ್ರಾವದಿಂದ ತೀರಿಕೊಂಡ. ಆಕೆಯ ಮೊಮ್ಮಗಳ ಮಗ ರಷ್ಯದ ಯುವರಾಜ ಅಲೆಕ್ಸಿಗೂ ಅದೇ ರೋಗ. ಅವನ ಕುಟುಂಬವನ್ನು 1918ರಲ್ಲಿ ಗುಂಡಿಟ್ಟು ಕೊಂದರು. ರಾಜಮನೆತನದ ರೋಗ ಯಾವ ಬಗೆಯದೆಂಬುದು ಮಾತ್ರ ಗುಟ್ಟಾಗಿಯೇ ಉಳಿಯಿತು. 2009ರಲ್ಲಿ ಮೂಳೆಗಳ ಡಿಎನ್ಎ ಪರೀಕ್ಷಿಸಿದಾಗ ಅದು ಬಿ ಎಂದು ತಿಳಿಯಿತು.

ಅಂಶದ ಪ್ರಮಾಣ ಅಳೆದರೆ ರೋಗಿ ಸಿಗುತ್ತಾನೆ. ಆದರೆ ಎಷ್ಟೋ ವಾಹಕಿಯರಲ್ಲಿ ಪ್ರಮಾಣ ಸರಿಯಾಗಿಯೇ ಇರುತ್ತದೆ; ಆ ಪರೀಕ್ಷೆಯಿಂದ ಅವರಿಗೆ ಖಾತರಿ ಸಿಗದು. ಒಂಬತ್ತನೆಯ ಅಂಶದ ಜೀನು 1982ರಲ್ಲಿ, ಎಂಟನೆಯದರದು 1984ರಲ್ಲಿ ಕೈಗೆ ಸಿಕ್ಕ ಮೇಲೆ ದಾರಿ ತೆರೆಯಿತು. ಎ ಬಗೆಯ ತೀವ್ರ ರೋಗಿಗಳಲ್ಲಿ ಸುಮಾರು ನೂರಕ್ಕೆ 45 ಮಂದಿಯಲ್ಲಿ ಜೀನಿನ ಒಂದು ತುಂಡು ತಲೆಕೆಳಗಾಗಿರುತ್ತದೆಂದು 1993ರಲ್ಲಿ ಗೊತ್ತಾಯಿತು. ಮೊದಲು ರೋಗಿಯ ದೋಷ ಹುಡುಕಿ, ಅದೇ ದೋಷ ತಾಯಿಯಲ್ಲಿ, ಅಕ್ಕತಂಗಿಯರಲ್ಲಿ ಇದೆಯೇ ಎಂದು ನೋಡುತ್ತಾರೆ.

ನಮ್ಮ ದೇಶದಲ್ಲಿ 1983ರಲ್ಲಿ ಅಶೋಕ್ ಬಹಾದೂರ್ ವರ್ಮಾ ದೆಹಲಿಯಲ್ಲಿ ಹಿಮೋಫಿಲಿಯಾ ಫೆಡರೇಷನ್ ಕಟ್ಟಿದರು. ದಾವಣಗೆರೆಯಲ್ಲಿ ಸ್ವತಃ ಈ ರೋಗವುಳ್ಳ ಡಾ. ಸುರೇಶ್ ಹನಗವಾಡಿಯವರು ಕರ್ನಾಟಕದ ರೋಗಿಗಳನ್ನು ಒಗ್ಗೂಡಿಸಿದರು. ಪುಣೆಯವರಿಗೆ ಮುಂಬಯಿ ಹತ್ತಿರ. ಪರೇಲ್‌ನ ಕೆಇಎಂ ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಸಂಸ್ಥೆಯಲ್ಲಿ ವಾಹಕಿ ಪರೀಕ್ಷೆಯ ಕೆಲಸ ನಡೆದುಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹಿಮೋಫಿಲಿಯಾವೂ ಸೇರಿದೆ.

ಈಗ ಅಕ್ಕನ ಮಗಳಿಗೆ ವರ ಗೊತ್ತಾಗಿದೆ. ಪರೀಕ್ಷೆ ಬೇಡ, ಸಂಬಂಧ ಮುರಿದೀತೆಂದು ಅಕ್ಕ ಅತ್ತಳು. ಹುಡುಗಿ ಮಾತ್ರ, "ಮಾಮಾ, ಗೊತ್ತಿದ್ದರೆ ಹೆರಿಗೆಯ ಹೊತ್ತಿಗೆ ಔಷಧಿ ಸಿದ್ಧ ಇಟ್ಟುಕೊಳ್ಳಬಹುದಲ್ಲ" ಎಂದಳು. ರಕ್ತ ಕೊಟ್ಟು ಬಂದೆವು. ಫಲಿತಾಂಶ ಅವಳ ಸ್ವಂತದ್ದು, ಇಲ್ಲಿ ಬರೆಯುವುದಿಲ್ಲ. ಹುಡುಗನಿಗೆ ಅವಳೇ ಹೇಳಿದಳು.

ಅಕ್ಕನಿಗೆ ಒಂದು ಮಾತು ಹೇಳಿದೆ. ಸುಮಾರು ಮೂರರಲ್ಲಿ ಒಬ್ಬ ರೋಗಿಯ ವಂಶದಲ್ಲಿ ಹಿಂದೆ ಯಾರಿಗೂ ಈ ರೋಗವಿರುವುದಿಲ್ಲ. ವಿಕ್ಟೋರಿಯಾಳ ಹಿರಿಯರಲ್ಲೂ ಕಂಡಿರಲಿಲ್ಲ. ರಾಣಿಯ ಮೇಲೆ ಹೊರಿಸದ ದೋಷವನ್ನು ನಮ್ಮ ಸೊಸೆಯಂದಿರ ಮೇಲೆ ಏಕೆ ಹೊರಿಸಬೇಕು?