ಕಡತಕ್ಕೆ ಸೇರಿದ ವಯಸ್ಸು

ವರ್ಗವಾಗಿ ಚೆನ್ನೈಗೆ ಬರುವ ಕುಟುಂಬಕ್ಕೆ ಬಾಡಿಗೆ ಮನೆಗಿಂತ ಮೊದಲು ಎದುರಾಗುವ ಚಿಂತೆ ಮಕ್ಕಳ ಶಾಲೆಯದು. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಾವೂ ಒಂದು ಜೂನ್ ತಿಂಗಳಲ್ಲಿ ಆ ಸಾಲಿನಲ್ಲಿ ನಿಂತೆವು. ಪ್ರವೇಶದ ಅರ್ಜಿಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನಾಂಕ, ಹಿಂದೆ ಓದಿದ ತರಗತಿ ಎಲ್ಲಕ್ಕೂ ಅಂಕಣಗಳಿದ್ದವು. ಮಗುವಿಗೆ ಏನೇನು ಬರುತ್ತದೆ ಎಂದು ಕೇಳುವ ಅಂಕಣವಿರಲಿಲ್ಲ. ನಮ್ಮ ಮಗಳು ಆಗ ಕನ್ನಡದಲ್ಲಿ ಕಥೆ ಓದುತ್ತಿದ್ದಳು, ಅಜ್ಜಿಗೆ ಕಾಗದ ಬರೆಯುತ್ತಿದ್ದಳು. ಗುಮಾಸ್ತರು ದಿನಾಂಕ ನೋಡಿ, ವಯಸ್ಸಿಗೂ ತರಗತಿಗೂ ತಾಳೆಯಾಗುತ್ತದೆಂದು ಸೀಲು ಒತ್ತಿದರು. ಅವಳ ಶಾಲೆಯ ಕನ್ನಡ ಅಂದಿಗೆ ಮುಗಿಯಿತು.

ಗುಮಾಸ್ತರ ತಪ್ಪೇನೂ ಇರಲಿಲ್ಲ. ನಮ್ಮ ಕಚೇರಿಯಲ್ಲಿ ನಾವು ಮಾಡುವ ಕೆಲಸವೂ ಅದೇ. ಆದರೆ ಮಗುವನ್ನು ವಯಸ್ಸಿನಿಂದ ಅಳೆದು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಈ ಕ್ರಮ ಎಂದಿನಿಂದ ಬಂತು ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಉತ್ತರದ ದೊಡ್ಡ ಭಾಗ ಇದೇ ಮದರಾಸಿನಲ್ಲಿದೆ, ಅದರಲ್ಲಿ ಕನ್ನಡ ನಾಡಿನ ಪಾಲೂ ಇದೆ.

ಅಣ್ಣಾ ಸಾಲೈಯಲ್ಲಿ ಓಡಾಡುವವರು ತೀವುತ್ತಿಡಲ್ ಬಳಿ ಕುದುರೆಯೇರಿದ ಸರ್ ಥಾಮಸ್ ಮನ್ರೋ ಪ್ರತಿಮೆಯನ್ನು ದಿನವೂ ಕಾಣುತ್ತಾರೆ. ಕೆನರಾ ಜಿಲ್ಲೆಯಲ್ಲಿಯೂ ಬಳ್ಳಾರಿ ಸೇರಿದ್ದ ದತ್ತಮಂಡಲಗಳಲ್ಲಿಯೂ ಕಲೆಕ್ಟರಾಗಿದ್ದು ಮುಂದೆ ಮದರಾಸಿನ ಗವರ್ನರಾದ ಈತ, 1822ರಲ್ಲಿ ಪ್ರತಿ ಜಿಲ್ಲೆಯಲ್ಲಿ ಶಾಲೆಗಳೆಷ್ಟು, ಓದುವವರೆಷ್ಟು, ಯಾವ ಜಾತಿಯವರು ಎಂಬ ಲೆಕ್ಕ ಕೇಳಿ ಕಲೆಕ್ಟರುಗಳಿಗೆ ಆಜ್ಞೆ ಕಳುಹಿಸಿದ. ಕೆನರಾದಿಂದ ಅಂಕಿಪಟ್ಟಿ ಬರಲೇ ಇಲ್ಲ. ಅದನ್ನು ಸಿದ್ಧಪಡಿಸಲು ಬಹಳ ಸಮಯ ಹಿಡಿಯುವುದೆಂದು ಅಲ್ಲಿನ ಕಲೆಕ್ಟರು ಬರೆದುಬಿಟ್ಟ. ಮೇಲಿನಿಂದ ಬಂದ ನಮೂನೆಯನ್ನು ತುಂಬಿ ಕಳುಹಿಸುವ ಕಷ್ಟ ಬಲ್ಲ ನಮ್ಮಂಥವರಿಗೆ ಈ ಉತ್ತರ ಅಪರಿಚಿತವಲ್ಲ.

ಬಳ್ಳಾರಿಯ ಕಲೆಕ್ಟರು ಎ. ಡಿ. ಕ್ಯಾಂಪ್ಬೆಲ್ ಮಾತ್ರ 1823ರ ಆಗಸ್ಟಿನಲ್ಲಿ ದೀರ್ಘವಾದ ವರದಿ ಕಳುಹಿಸಿದ. ಜಿಲ್ಲೆಯಲ್ಲಿದ್ದ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಉಳಿದ 23 ಬ್ರಾಹ್ಮಣರ ಶಾಸ್ತ್ರಾಧ್ಯಯನದ ತಾಣಗಳು. ನಮ್ಮ ಹಿರಿಯರು ಕೂಲಿಮಠ, ಐಗಳ ಮಠ ಎಂದು ಕರೆಯುತ್ತಿದ್ದ ಶಾಲೆಗಳೇ ಇವು. ತಮಿಳರ ಬಾಯಲ್ಲಿ ತಿಣ್ಣೈ ಪಳ್ಳಿ, ಅಂದರೆ ಜಗಲಿ ಶಾಲೆ.

ಆ ವರದಿಯಲ್ಲಿ ವಯಸ್ಸಿನ ಮಾತು ಬರುವುದು ಆರಂಭದಲ್ಲಿ. ಮಗುವಿಗೆ ಐದು ತುಂಬಿದಾಗ ಮನೆಗೆ ಗುರುವನ್ನೂ ಮಠದ ಮಕ್ಕಳನ್ನೂ ಕರೆಯುತ್ತಾರೆ. ಗಣಪತಿಯನ್ನು ಪೂಜಿಸಿ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುತ್ತಾರೆ. ಅಲ್ಲಿಂದ ಮುಂದೆ ಕಲಿಕೆಗೆ ವಯಸ್ಸಿನ ಕಟ್ಟಳೆಯಿಲ್ಲ. ಕೆಲವರು ಐದು ವರ್ಷಕ್ಕೆ ಬಿಡುತ್ತಿದ್ದರು, ಬಡವರು ಅದಕ್ಕೂ ಮೊದಲೇ. ಅನುಕೂಲವುಳ್ಳವರು ಹದಿನಾಲ್ಕು ಹದಿನೈದು ವರ್ಷ ಓದುತ್ತಿದ್ದರು. ನೆಲದ ಮಳಲಿನಲ್ಲಿ ಅಕ್ಷರ ತಿದ್ದಿದ ಮಗು ಅದು ಕೈಗೆ ಕೂತ ಮೇಲೆ ಓಲೆಗರಿಗೋ ಕಾಗದಕ್ಕೋ ಕಡತಕ್ಕೋ ಏರುತ್ತಿತ್ತು. ಕಡತವೆಂದರೆ ಬಟ್ಟೆಗೆ ಗಂಜಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಪುಸ್ತಕದಂತೆ ಮಡಿಸಿ, ಬಳಪದಿಂದ ಬರೆದು ಅಳಿಸಬಹುದಾಗಿದ್ದ ಹಲಗೆ. ಇಂದು ಅದೇ ಹೆಸರು ಸರ್ಕಾರಿ ಕಚೇರಿಯ ಫೈಲಿಗೆ ನಿಂತಿದೆ.

ಮುಂದಿದ್ದ ಹುಡುಗ ಹಿಂದಿದ್ದವನಿಗೆ ಹೇಳಿಕೊಡುವುದು ಮಠದ ರೂಢಿ. ಈ ಕ್ರಮವನ್ನು ಕ್ಯಾಂಪ್ಬೆಲ್ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಆಗಿದೆ ಎಂಬರ್ಥದ ಮಾತನ್ನೂ ಬರೆದ. ಆ ಅನುಕರಣೆಯ ಮೂಲ ಎಗ್ಮೋರಿನಲ್ಲಿದೆ. ಅಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ಇದ್ದ ಶಾಲೆಯನ್ನು 1789ರಿಂದ ನೋಡಿಕೊಳ್ಳುತ್ತಿದ್ದ ಪಾದ್ರಿ ಆಂಡ್ರ್ಯೂ ಬೆಲ್, ನಾಡಶಾಲೆಯ ಮಕ್ಕಳು ಮಳಲಿನಲ್ಲಿ ಅಕ್ಷರ ತಿದ್ದುವುದನ್ನು ಕಂಡು ತನ್ನಲ್ಲಿಯೂ ಅದನ್ನು ತಂದ. ಉಪಾಧ್ಯಾಯರು ಒಲ್ಲೆನೆಂದಾಗ ಎಂಟು ವರ್ಷದ ಹುಡುಗನೊಬ್ಬನನ್ನೇ ಅಕ್ಷರದ ತರಗತಿಗೆ ಗುರುವಾಗಿ ಕೂರಿಸಿದ. 1797ರಲ್ಲಿ ಲಂಡನ್ನಿನಲ್ಲಿ ಆತ ಅಚ್ಚುಹಾಕಿಸಿದ ವರದಿಯಿಂದ ‘ಮದರಾಸ್ ಪದ್ಧತಿ’ ಎಂಬ ಹೆಸರು ಹಬ್ಬಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸಿನಲ್ಲಿ ಇಂದಿಗೂ ಮದರಾಸ್ ಕಾಲೇಜು ಎಂಬ ಶಾಲೆಯಿದೆ. ಬೆಲ್ಲನ ಶಾಲೆಯಲ್ಲಿ ತರಗತಿಗಳಿದ್ದವು, ಆದರೆ ಹುಡುಗ ಮೇಲಕ್ಕೂ ಕೆಳಕ್ಕೂ ಹೋಗುತ್ತಿದ್ದುದು ಕಲಿತದ್ದನ್ನು ನೋಡಿ.

ಹಾಗಾದರೆ ವಯಸ್ಸು ಬಂದದ್ದು ಎಲ್ಲಿಂದ? ಅದು ಲೆಕ್ಕದ ಅಗತ್ಯವಾಗಿ ಬಂತು. ಜಿಲ್ಲೆಗಳ ಉತ್ತರಗಳನ್ನೆಲ್ಲ ಕೂಡಿಸಿ ಮನ್ರೋ 1826ರ ಮಾರ್ಚಿನಲ್ಲಿ ಟಿಪ್ಪಣಿ ಬರೆದ. ಸುಮಾರು 1 ಕೋಟಿ 28 ಲಕ್ಷ ಜನರ ಪ್ರಾಂತಕ್ಕೆ 12,498 ಶಾಲೆಗಳು. ಇದು ಹೆಚ್ಚೋ ಕಡಿಮೆಯೋ ಎಂದು ಹೇಳಲು ಓದಬೇಕಾದವರ ಸಂಖ್ಯೆ ಬೇಕಲ್ಲ? ಹುಡುಗರು ಸಾಮಾನ್ಯವಾಗಿ ಐದರಿಂದ ಹತ್ತು ವರ್ಷದವರೆಗೆ ಶಾಲೆಯಲ್ಲಿರುತ್ತಾರೆಂದು ಹಿಡಿದು, ಅಂಥ ಹುಡುಗರು ಸುಮಾರು 7,13,000 ಎಂದು ಅಂದಾಜಿಸಿ, ಅವರಲ್ಲಿ 1,84,110 ಮಂದಿ ಓದುತ್ತಿದ್ದಾರೆ, ಅಂದರೆ ಕಾಲುಭಾಗಕ್ಕಿಂತ ತುಸು ಹೆಚ್ಚು ಎಂದ. ಮನೆಯಲ್ಲಿ ಕಲಿಯುವವರನ್ನು ಸೇರಿಸಿದರೆ ಮೂರನೆಯ ಒಂದು ಭಾಗವಾದೀತೆಂದೂ ಸೇರಿಸಿದ. ಮಠದ ಐಗಳಿಗೆ ಬೇಕಿಲ್ಲದ ‘ಐದರಿಂದ ಹತ್ತು’ ಗವರ್ನರನ ಮೇಜಿಗೆ ಬೇಕಾಯಿತು. ಮಗು ಬರೆಯುತ್ತಿದ್ದ ಕಡತದಿಂದ ಮಗುವನ್ನು ಕುರಿತು ಬರೆಯುವ ಕಡತಕ್ಕೆ ಹೀಗೆ ದಾಟಿದೆವು.

ಮೆಟ್ಟಿಲುಗಳು ಆಮೇಲೆ ಒಂದೊಂದಾಗಿ ಬಂದವು. 1854ರ ವುಡ್ ನಿರೂಪ ಹಳ್ಳಿಯ ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ ಒಂದೇ ಶ್ರೇಣಿಯನ್ನು ಕಲ್ಪಿಸಿತು. 1857ರಲ್ಲಿ ಮದರಾಸು ವಿಶ್ವವಿದ್ಯಾಲಯ ಹುಟ್ಟಿತು. ಅದರ ಮೆಟ್ರಿಕ್ಯುಲೇಷನ್ ಪರೀಕ್ಷೆಯ ಕಡೆಗೆ ಕೆಳಗಿನ ಶಾಲೆಗಳೆಲ್ಲ ಮುಖಮಾಡಿದವು. ನಾವಿಂದು ಹೇಳುವ ‘ಸ್ಟ್ಯಾಂಡರ್ಡ್’ ಎಂಬ ಮಾತು ಇಂಗ್ಲೆಂಡಿನ 1862ರ ಶಾಲಾ ಸಂಹಿತೆಯದು: ಓದು, ಬರಹ, ಲೆಕ್ಕಗಳಲ್ಲಿ ಆರು ಅಳತೆಗಳು, ತೇರ್ಗಡೆಯಾದ ಮಕ್ಕಳನ್ನು ಎಣಿಸಿ ಶಾಲೆಗೆ ಹಣ. ಫಲಿತಾಂಶ ನೋಡಿ ಅನುದಾನ ಕೊಡುವ ಕ್ರಮ ಮದರಾಸಿನಲ್ಲಿಯೂ ನಡೆಯಿತು. ಮುಂದೆ ಕಡ್ಡಾಯ ಶಿಕ್ಷಣದ ಕಾನೂನುಗಳು ಬಂದವು. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ, ಮದರಾಸಿನಲ್ಲಿ 1920ರಲ್ಲಿ. ಕಡ್ಡಾಯ ಮಾಡಬೇಕಾದರೆ ಯಾರಿಗೆ ಎಂದು ಹೇಳಬೇಕು, ಹಾಗೆ ಹೇಳಲು ವಯಸ್ಸಿಗಿಂತ ಸುಲಭವಾದ ಗುರುತು ಸರ್ಕಾರಕ್ಕೆ ಸಿಕ್ಕದು.

ಇಲ್ಲಿ ಹಳೆಯದನ್ನು ಹೊಗಳಿ ನಿಲ್ಲಿಸುವುದು ನಮಗೆ ಸಾಧ್ಯವಿಲ್ಲ. ಬಳ್ಳಾರಿಯ ಆ ಶಾಲೆಗಳಲ್ಲಿದ್ದ 6,398 ಹಿಂದೂ ವಿದ್ಯಾರ್ಥಿಗಳಲ್ಲಿ ಹುಡುಗಿಯರು ಕೇವಲ ಅರವತ್ತು. ತಡವಾಗಿ ಬಂದ ಮಕ್ಕಳಿಗೆ ಬಂದ ಸರದಿಯಂತೆ ಒಂದೊಂದು ಏಟು ಹೆಚ್ಚು ಬೀಳುತ್ತಿತ್ತು. ಕೂಲಿ ಕೊಡಲಾಗದವನ ಮಗ ನಡುವೆ ಬಿಟ್ಟರೆ ಏಕೆಂದು ಕೇಳುವವರಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕರವರೆಗಿನ ಪ್ರತಿ ಮಗುವನ್ನೂ ಹೆಸರಿಡಿದು ಕೇಳುತ್ತದೆ. ಶಾಲೆ ತಪ್ಪಿದ ಮಗು ಬಂದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದದ್ದನ್ನು ವಿಶೇಷವಾಗಿ ಕಲಿಸಬೇಕೆನ್ನುತ್ತದೆ. ವಯಸ್ಸು ಹಕ್ಕಾದದ್ದು ಹೀಗೆ. ನಮ್ಮ ಮಗಳು ಯಾವ ಅಡ್ಡಿಯಿಲ್ಲದೆ ತರಗತಿಯಲ್ಲಿ ಕುಳಿತದ್ದೂ ಆ ಹಕ್ಕಿನಿಂದಲೇ.

ತೊಡಕಿರುವುದು ಮೆಟ್ಟಿಲುಗಳ ಸಂದಿಯಲ್ಲಿ. ಒಂದು ಕಾಲಕ್ಕೆ ಬಳ್ಳಾರಿ, ಮಂಗಳೂರು, ಕೊಳ್ಳೇಗಾಲದ ಹುಡುಗರೂ ಮದರಾಸಿನ ಹುಡುಗರೂ ಒಂದೇ ಫಸ್ಟ್ ಫಾರಂನಿಂದ ಸಿಕ್ಸ್ತ್ ಫಾರಂವರೆಗೆ ಏರಿ, ಹನ್ನೊಂದನೆಯ ವರ್ಷದಲ್ಲಿ ಎಸ್ಸೆಸ್ಸೆಲ್ಸಿ ಬರೆಯುತ್ತಿದ್ದರು. 1953ರಲ್ಲಿ ಬಳ್ಳಾರಿಯೂ 1956ರಲ್ಲಿ ಉಳಿದವೂ ಮೈಸೂರಿಗೆ ಸೇರಿದ ಮೇಲೆ ದಾರಿಗಳು ಕವಲಾದವು. ಕೊಠಾರಿ ಆಯೋಗದ ಬಳಿಕ ದೇಶವೆಲ್ಲ ಹತ್ತು ಕೂಡಿಸು ಎರಡರ ಕಡೆಗೆ ನಡೆದಾಗ, ತಮಿಳುನಾಡು 1978ರಲ್ಲಿ ಆ ಎರಡು ವರ್ಷಗಳನ್ನು ಶಾಲೆಯೊಳಕ್ಕೆ ತಂದಿತು. ಕರ್ನಾಟಕ ಪಿಯುಸಿ ಎಂಬ ಹೆಸರನ್ನೂ ಕಾಲೇಜೆಂಬ ಗೌರವವನ್ನೂ ಉಳಿಸಿಕೊಂಡಿತು. ಆದ್ದರಿಂದಲೇ ಹದಿನಾರರ ನಮ್ಮ ಚೆನ್ನೈ ಹುಡುಗ ಸ್ಕೂಲಿಗೆ ಹೋಗುತ್ತಾನೆ, ಅವನ ಓರಗೆಯ ಬೆಂಗಳೂರಿನ ಸೋದರತ್ತೆಯ ಮಗ ಕಾಲೇಜಿಗೆ ಹೋಗುತ್ತಾನೆ. ಎಂಟನೆಯ ತರಗತಿ ಅಲ್ಲಿ ಹೈಸ್ಕೂಲಿನ ಹೊಸಿಲು, ಇಲ್ಲಿ ಮಿಡ್ಲ್ ಸ್ಕೂಲಿನ ಕೊನೆ. ವರ್ಗಾವರ್ಗಿಯ ನೌಕರರಿಗಾಗಿ 1963ರಿಂದ ಕೇಂದ್ರೀಯ ಶಾಲೆಗಳು ನಡೆದದ್ದು ಈ ಸಂದಿಗಳನ್ನು ಮುಚ್ಚಲೆಂದೇ. 2020ರ ರಾಷ್ಟ್ರೀಯ ನೀತಿ ಮೂರರಿಂದ ಹದಿನೆಂಟರ ವಯಸ್ಸನ್ನು ಐದು, ಮೂರು, ಮೂರು, ನಾಲ್ಕು ವರ್ಷಗಳ ಹಂತಗಳಾಗಿ ಮತ್ತೆ ವಿಂಗಡಿಸಿದೆ.

ಹೆಸರು ಬದಲಾದರೆ ಮಕ್ಕಳು ಹೊಂದಿಕೊಳ್ಳುತ್ತಾರೆ. ಭಾಷೆಯ ಮಾತು ಹಾಗಲ್ಲ. 2006ರ ತಮಿಳು ಕಲಿಕೆ ಕಾಯಿದೆ ಆ ವರ್ಷ ಒಂದನೆಯ ತರಗತಿಗೆ ಅನ್ವಯಿಸಿ, ವರ್ಷಕ್ಕೊಂದು ತರಗತಿಯಂತೆ ಮಕ್ಕಳ ಜೊತೆಗೇ ಮೆಟ್ಟಿಲೇರಿ 2015–16ರಲ್ಲಿ ಹತ್ತನೆಯದನ್ನು ಮುಟ್ಟಿತು. ಮೊದಲ ಭಾಷೆಯ ಸ್ಥಾನದಲ್ಲಿ ಕನ್ನಡವನ್ನೋ ತೆಲುಗನ್ನೋ ಓದುತ್ತಿದ್ದ ಮಕ್ಕಳಿಗೆ ಆ ಸ್ಥಾನ ತಮಿಳಿನದಾಯಿತು, ತಾಯಿನುಡಿ ಐಚ್ಛಿಕವಾಯಿತು. ತಾಳವಾಡಿ, ಹೊಸೂರು ಕಡೆಯ ಕನ್ನಡ ಶಾಲೆಗಳಿಗೂ ಇದು ದೊಡ್ಡ ಪ್ರಶ್ನೆಯಾಯಿತು. ಅಲ್ಪಸಂಖ್ಯಾತ ಭಾಷೆಗಳ ಮಕ್ಕಳ ವಿನಾಯಿತಿಯ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತಮಿಳರನ್ನು ನಾವು ದೂರುವಂತಿಲ್ಲ. ಕರ್ನಾಟಕವೂ 2015ರಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ಏರುವ ಕನ್ನಡ ಕಲಿಕೆ ಕಾಯಿದೆ ಮಾಡಿತು. ಅಲ್ಲಿನ ತಮಿಳು ಮನೆಗಳಲ್ಲಿಯೂ ನಮ್ಮಂಥದೇ ಮಾತುಕತೆ ನಡೆಯುತ್ತಿರಬಹುದು. ಇರುವ ನೆಲದ ಭಾಷೆ ಮಗುವಿಗೆ ಬರಲೇಬೇಕು. ನಮ್ಮ ಮಗಳ ತಮಿಳು ಈಗ ನಮಗಿಂತ ಚೆನ್ನಾಗಿದೆ, ಅದು ನಮಗೆ ಹೆಮ್ಮೆಯೇ.

ಆದರೆ ಶಾಲೆಯ ಮೆಟ್ಟಿಲಲ್ಲಿ ಕನ್ನಡಕ್ಕೆ ಜಾಗವಿಲ್ಲದಿದ್ದರೆ ಅದನ್ನು ಮೆಟ್ಟಿಲಿಲ್ಲದ ಕಡೆ ಕಲಿಸಬೇಕಾಗುತ್ತದೆ. ಕೆಲವು ಮನೆಯವರು ಸೇರಿ ಭಾನುವಾರದ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದೇವೆ. ಮೊದಮೊದಲು ನಾವೂ ಅಭ್ಯಾಸಬಲದಿಂದ ವಯಸ್ಸಿನಂತೆ ಗುಂಪು ಮಾಡಿದೆವು. ಹದಿಮೂರರ ಹುಡುಗನಿಗೆ ‘ಅ ಆ’ ತಿದ್ದಲು ನಾಚಿಕೆ. ಆರರ ಹುಡುಗಿ ಒತ್ತಕ್ಷರ ಸರಾಗವಾಗಿ ಓದಿ ಬೇಸರದಿಂದ ಕಿಟಕಿ ನೋಡುತ್ತಿದ್ದಳು. ಬಳಿಕ ಗುಂಪು ಒಡೆದು ಬಂದಷ್ಟರಿಂದ ಮುಂದಕ್ಕೆ ಎಂದು ನಡೆಸಿದೆವು. ಈಗ ಆ ಹುಡುಗಿ ಹುಡುಗನಿಗೆ ಕಾಗುಣಿತ ಹೇಳಿಕೊಡುತ್ತಾಳೆ. ಇಲ್ಲಿಯೇ ಹುಟ್ಟಿ ಬೆಳೆದು ಮಾತಷ್ಟೇ ಬಲ್ಲ ಅವನ ತಾಯಿಯೂ ಪಕ್ಕದಲ್ಲಿ ಕುಳಿತು ಬರೆಯುತ್ತಾರೆ. ಬಳ್ಳಾರಿಯ ಮಠವನ್ನೋ ಎಗ್ಮೋರಿನ ಬೆಲ್ಲನನ್ನೋ ನೆನೆದು ನಾವಿದನ್ನು ಮಾಡಲಿಲ್ಲ. ಬೇರೆ ದಾರಿಯಿರಲಿಲ್ಲ, ಅಷ್ಟೆ.

ಮುಂಬಯಿ, ದೆಹಲಿ, ಹೈದರಾಬಾದುಗಳಲ್ಲಿರುವ ನಮ್ಮ ಓದುಗರಿಗೂ ಈ ಅನುಭವ ಹೊಸದಿರಲಾರದು. ವಯಸ್ಸು ಮೀರಿತೆಂದು ಮಕ್ಕಳ ಕನ್ನಡವನ್ನು ಕೈಬಿಟ್ಟ ಮನೆಗಳು ನಮಗೆ ಹಲವು ಗೊತ್ತು. ವಯಸ್ಸಿನ ಲೆಕ್ಕ ಶಾಲೆಯ ಪ್ರವೇಶಕ್ಕೆ ಬೇಕು. ಅಕ್ಷರಕ್ಕೆ ಆ ಲೆಕ್ಕ ಬೇಡ. ಮುಂದಿನ ಭಾನುವಾರ ಒಂದು ಸ್ಲೇಟಿನಿಂದ ತೊಡಗಿದರೆ ಸಾಕು.