ಅಕ್ಕಸಾಲಿಗ ಬಂದ ಮೇಲೆ: 1964ರ ಆಂಧ್ರ ತೀರ್ಪೊಂದರ ಮರುಓದು

ಅಪಕೃತ್ಯ ಕಾನೂನಿನಲ್ಲಿ ಮೈಮೇಲೆ ಕೈ ಬಿದ್ದರೆ ಅದು ಬ್ಯಾಟರಿ. ಈಗಲೇ ಬೀಳುತ್ತದೆಂಬ ಸಕಾರಣ ಭಯ ಹುಟ್ಟಿಸಿದರೆ ಅಸಾಲ್ಟ್. ಸಮ್ಮತಿ, ಆತ್ಮರಕ್ಷಣೆ, ಕಾನೂನು ಕೊಟ್ಟ ಅಧಿಕಾರ ಇವು ಪ್ರತಿವಾದಿಯ ಮುಖ್ಯ ಸಮರ್ಥನೆಗಳು. ಇಷ್ಟರಲ್ಲಿ ಯಾರ ತಕರಾರೂ ಇಲ್ಲ. ತಕರಾರಿರುವುದು ಆ ‘ಈಗಲೇ’ಯನ್ನು ಯಾವ ಗಳಿಗೆಯಲ್ಲಿ ನಿಂತು ಅಳೆಯಬೇಕು ಎಂಬಲ್ಲಿ.

ಬವಿಸೆಟ್ಟಿ ವೆಂಕಟ ಸೂರ್ಯರಾವ್ ವಿರುದ್ಧ ನಂದಿಪಾಟಿ ಮುತ್ತಯ್ಯ (ಎಐಆರ್ 1964 ಆಂಧ್ರಪ್ರದೇಶ 382) ಪ್ರಕರಣದ ವಾದಿ ಅನುಕೂಲಸ್ಥ ರೈತ. ಕಂದಾಯದ ಬಾಕಿ 11 ರೂಪಾಯಿ 60 ಪೈಸೆ. ವಸೂಲಿಯ ಕೊನೆಯ ದಿನ ಗ್ರಾಮ ಮುನಸೀಫ ಮನೆಗೆ ಬಂದ. ಹೆಂಡತಿ ಬೀಗ ಹಾಕಿಕೊಂಡು ಊರಿಗೆ ಹೋಗಿದ್ದಾಳೆಂದು ರೈತ ಹೇಳಿದರೂ ಕೇಳಲಿಲ್ಲ; ಕಿವಿಯ ಒಂಟಿಗಳನ್ನೇ ಜಪ್ತಿ ಮಾಡಲು ಅಕ್ಕಸಾಲಿಗನನ್ನು ಕರೆಸಿದ. ಅವನು ಬಂದ ಹೊತ್ತಿಗೆ ಅಲ್ಲಿದ್ದವರೊಬ್ಬರು ಸಾಲ ತಂದು ಬಾಕಿ ತುಂಬಿದರು, ಮುನಸೀಫ ಸುಮ್ಮನೆ ಹೊರಟುಹೋದ. ರೈತ 500 ರೂಪಾಯಿ ಪರಿಹಾರಕ್ಕೆ ದಾವೆ ಹೂಡಿ ಸೋತ. ಅಕ್ಕಸಾಲಿಗ ಬಂದ ಮೇಲೆ ಯಾರೂ ಏನೂ ಹೇಳಲಿಲ್ಲ, ಮಾಡಲಿಲ್ಲ; ತಕ್ಷಣದ ಹಿಂಸೆಯ ಭಯಕ್ಕೆ ಆಸ್ಪದವಿರಲಿಲ್ಲ ಎಂದಿತು ಹೈಕೋರ್ಟ್.

ಆರ್.ಕೆ. ಬಂಗಿಯಾ ಅವರ ಪಠ್ಯಪುಸ್ತಕ ಸೇರಿದಂತೆ ಕಾನೂನು ತರಗತಿಗಳ ಓದು ಈ ತೀರ್ಪನ್ನು ‘ದೂರದ ಬೆದರಿಕೆ ಅಸಾಲ್ಟ್ ಅಲ್ಲ’ ಎಂಬುದಕ್ಕೆ ಉದಾಹರಣೆಯಾಗಿ ಒಪ್ಪಿಸುತ್ತದೆ. ನನಗಿದು ಒಪ್ಪಿಗೆಯಿಲ್ಲ. ಬೆದರಿಕೆ ತಾನಾಗಿ ದೂರವಿರಲಿಲ್ಲ. ಮೂರನೆಯವರ ದುಡ್ಡು ಅದನ್ನು ದೂರ ಮಾಡಿತು. ಅಳೆಯಬೇಕಾದದ್ದು ದುಡ್ಡು ಕೈ ಸೇರುವ ಮುಂಚಿನ ಗಳಿಗೆಯನ್ನು.

ಇಂಗ್ಲೆಂಡಿನ ಸ್ಟೀಫನ್ಸ್ ವಿರುದ್ಧ ಮೈಯರ್ಸ್ (1830) ಇದಕ್ಕೆ ಆಧಾರ. ಪ್ಯಾರಿಷ್ ಸಭೆಯಲ್ಲಿ ಅಧ್ಯಕ್ಷನತ್ತ ಮುಷ್ಟಿ ಬಿಗಿದು ಬಂದವನನ್ನು ಚರ್ಚ್ ವಾರ್ಡನ್ ನಡುವೆಯೇ ತಡೆದ. ಏಟು ತಾಗುವಷ್ಟು ಹತ್ತಿರ ಅವನು ಬಂದೇ ಇರಲಿಲ್ಲ. ಆದರೂ ಅಸಾಲ್ಟ್ ಸಾಬೀತಾಯಿತು. ಪರಿಹಾರ ಸಿಕ್ಕಿದ್ದು ಒಂದು ಶಿಲಿಂಗ್, ಅದು ಬೇರೆ ಮಾತು. ಅಲ್ಲಿ ವಾರ್ಡನ್ ಮಾಡಿದ ಕೆಲಸವನ್ನೇ ಇಲ್ಲಿ ಸಾಲ ತಂದವರು ಮಾಡಿದರು. ಮೈಯರ್ಸ್ ಮುನ್ನುಗ್ಗುತ್ತಿದ್ದ, ಅಕ್ಕಸಾಲಿಗ ಬರಿದೆ ನಿಂತಿದ್ದ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಭಾರತೀಯ ದಂಡ ಸಂಹಿತೆಯ 351ನೇ ಕಲಮು (ಈಗ ನ್ಯಾಯ ಸಂಹಿತೆಯ 130) ಹಾವಭಾವದ ಜೊತೆಗೆ ‘ಸಿದ್ಧತೆ’ಯನ್ನೂ ಹೆಸರಿಸುತ್ತದೆ, ಕಚ್ಚುವ ನಾಯಿಯ ಬಾಯಿಕುಕ್ಕೆ ಸಡಿಲಿಸುವುದೇ ಅಲ್ಲಿ ಕೊಟ್ಟಿರುವ ನಿದರ್ಶನ. ಕ್ರಿಮಿನಲ್ ಕಾನೂನಿನ ವ್ಯಾಖ್ಯೆ ಸಿವಿಲ್ ದಾವೆಯನ್ನು ಕಟ್ಟಿಹಾಕದು, ನಿಜ. ಆದರೂ ಕಿವಿಯಿಂದ ಒಂಟಿ ಬಿಚ್ಚಲು ಅಕ್ಕಸಾಲಿಗನನ್ನು ಕರೆಸುವುದು ಸಿದ್ಧತೆಯಲ್ಲದೆ ಮತ್ತೇನು?

ಹಾಗೆಂದು ರೈತ ಗೆಲ್ಲಬೇಕಿತ್ತು ಎನ್ನುತ್ತಿಲ್ಲ. ಮುನಸೀಫನ ಬೆನ್ನಿಗೆ 1864ರ ಮದ್ರಾಸು ಕಂದಾಯ ವಸೂಲಿ ಕಾಯಿದೆ ಇತ್ತು; 1953ರವರೆಗೆ ಮದ್ರಾಸಿಗೆ ಸೇರಿದ್ದ ನಮ್ಮ ಬಳ್ಳಾರಿಯ ರೈತರಿಗೂ ಪರಿಚಯವಿದ್ದ ಕಾಯಿದೆಯದು. ಫಲಿತಾಂಶವನ್ನು ಶಾಸನದತ್ತ ಅಧಿಕಾರದ ಮೇಲೆ ನಿಲ್ಲಿಸಬಹುದು, ಬಹುಶಃ ಹಾಗೆ ನಿಲ್ಲಿಸುವುದೇ ಸರಿ. ಹಾಗೆ ನಿಲ್ಲಿಸಿದರೆ ಅಂಥ ಅಧಿಕಾರವಿಲ್ಲದ ಖಾಸಗಿ ಸಾಲಿಗನಿಗೆ ಈ ತೀರ್ಪು ರಕ್ಷಣೆಯಾಗದು.

ವಿಶಾಖಪಟ್ಟಣ, ವಿಜಯವಾಡಗಳ ಸಿವಿಲ್ ಕೋರ್ಟುಗಳಲ್ಲಿ ಇದು ಪುಸ್ತಕದ ಚರ್ಚೆಯಾಗಿ ಉಳಿಯದು. 2015ರ ಡಿಸೆಂಬರಿನಲ್ಲಿ ವಿಜಯವಾಡದ ‘ಕಾಲ್ ಮನಿ’ ದಂಧೆ ಬಯಲಾದಾಗ ವಿಪರೀತ ಬಡ್ಡಿಯ ಜೊತೆಗೆ ಸಾಲ ಪಡೆದ ಮಹಿಳೆಯರ ಲೈಂಗಿಕ ಶೋಷಣೆಯ ಆರೋಪಗಳೂ ಕೇಳಿಬಂದವು. ಮೈಕ್ರೋಫೈನಾನ್ಸ್ ಹಾವಳಿಯ ಬೆನ್ನಲ್ಲೇ 2010ರ ಸುಗ್ರೀವಾಜ್ಞೆಯಾಗಿ ಬಂದು 2011ರಲ್ಲಿ ಕಾಯಿದೆಯಾದ ಆಂಧ್ರದ ಶಾಸನ, ಸಾಲಗಾರರ ಮನೆಗೆ ಪದೇಪದೇ ಎಡತಾಕುವುದನ್ನೂ ಬಲವಂತದ ಕ್ರಮವೆಂದು ಕರೆದಿದೆ. ಆದರೆ ಅದರ ಹಿಡಿತ ಮೈಕ್ರೋಫೈನಾನ್ಸ್ ಸಂಸ್ಥೆಗಳ ಮೇಲೆ; ಬೀದಿಯ ಬಡ್ಡಿ ವ್ಯಾಪಾರಿ ಆ ಬಲೆಗೆ ಬೀಳುತ್ತಾನೆಂಬ ಖಾತ್ರಿಯಿಲ್ಲ. ಅವನ ಆಳುಗಳು ಜಗಲಿಯ ಮೇಲೆ ಮಾತಿಲ್ಲದೆ ಕುಳಿತಿದ್ದರೆ, ಅವರ ಪರ ವಕೀಲರು 1964ರ ತೀರ್ಪನ್ನು ಎತ್ತಿಕೊಳ್ಳದೆ ಬಿಡುವುದಿಲ್ಲ.

ಎರಡು ಪ್ರಶ್ನೆಗಳು ಉಳಿದಿವೆ. ಮೈಮೇಲಿನ ಆಭರಣವನ್ನು ಬಲವಂತವಾಗಿ ಬಿಚ್ಚುವವರೆಗೂ 1864ರ ಕಾಯಿದೆಯ ಜಪ್ತಿ ಅಧಿಕಾರ ಚಾಚುತ್ತಿತ್ತೇ? 2011ರ ಕಾಯಿದೆಯ ಉಲ್ಲಂಘನೆಯೊಂದೇ ಸಿವಿಲ್ ಪರಿಹಾರದ ದಾವೆಗೆ ಸಾಕೇ? ಮೊದಲನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ, ರೈತನ ಸೋಲಿಗೆ ನಾನು ಮೇಲೆ ಕೊಟ್ಟ ಸಮರ್ಥನೆಯೂ ಬಿದ್ದುಹೋಗುತ್ತದೆ.