ಅರ್ಧಮಾತ್ರೆಯ ಲಾಭ

ಸೂತ್ರದಲ್ಲಿ ಅರ್ಧಮಾತ್ರೆ ಉಳಿದರೂ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಸಂತೋಷವೆಂದು ಹಿರಿಯರು ಹೇಳುವುದುಂಟು. ವ್ಯಾಕರಣ ಪಾಠ ಹೇಳುವ ನನಗೆ, ಆ ಉಳಿತಾಯದ ಬೆಲೆ ಎಷ್ಟೆಂಬುದಕ್ಕೆ ಗೆಲಿಲಿಯೋ ನೌಕೆಯ ಚರಿತ್ರೆಗಿಂತ ಒಳ್ಳೆಯ ನಿದರ್ಶನ ಕಾಣದು.

1989ರ ಅಕ್ಟೋಬರ್ 18ರಂದು ಅಮೆರಿಕದಿಂದ ಹೊರಟ ಈ ನೌಕೆ ಗುರುಗ್ರಹವನ್ನು ಸೇರಿದ್ದು 1995ರ ಡಿಸೆಂಬರ್ 7ರಂದು. ಸುದ್ದಿ ಕಳುಹಿಸಲು ಅದಕ್ಕೆ ಕೊಡೆಯಂತೆ ಬಿಚ್ಚಿಕೊಳ್ಳುವ ದೊಡ್ಡ ಆಂಟೆನಾ ಒಂದಿತ್ತು. 1991ರ ಏಪ್ರಿಲಿನಲ್ಲಿ ಬಿಚ್ಚಿಕೊಳ್ಳಲು ಆಜ್ಞೆಯಿತ್ತಾಗ ಕೆಲವು ಕಡ್ಡಿಗಳು ಸಿಕ್ಕಿಕೊಂಡು ಕೊಡೆ ಅರ್ಧಕ್ಕೇ ನಿಂತಿತು. ಸೊನ್ನೆ, ಒಂದು ಎಂಬ ಎರಡೇ ಅಂಕಗಳಲ್ಲಿ ಬರೆಯುವ ಈ ಲಿಪಿಯ ಒಂದೊಂದು ಅಂಕಕ್ಕೂ ಬಿಟ್ ಎಂದು ಹೆಸರು. ಸೆಕೆಂಡಿಗೆ ಸುಮಾರು 1,34,000 ಬಿಟ್ ಸಾಗಬೇಕಾಗಿದ್ದ ಕಡೆ, ಉಳಿದ ಚಿಕ್ಕ ಆಂಟೆನಾದಿಂದ ಹತ್ತಿಪ್ಪತ್ತಕ್ಕಿಂತ ಹೆಚ್ಚು ಸಾಗುವಂತಿರಲಿಲ್ಲ. ಕೆರೆಯ ನೀರನ್ನೆಲ್ಲ ಹುಲ್ಲುಕಡ್ಡಿಯ ತೂತಿನಿಂದ ಹರಿಸಿದಂತಾಯಿತು!

ರಿಪೇರಿಗೆ ಅಲ್ಲಿಗೆ ಹೋಗುವವರಾರು? ದಾರಿ ಹಿಗ್ಗದಿದ್ದರೆ ಹೊರೆ ಕುಗ್ಗಬೇಕು.

ಕುಗ್ಗಿಸುವ ವಿದ್ಯೆಗೆ ಆಗಲೇ ಒಂದು ಪರಂಪರೆಯಿತ್ತು. ನಷ್ಟವಿಲ್ಲದೆ ಸಂದೇಶವನ್ನು ಎಷ್ಟರಮಟ್ಟಿಗೆ ಕುಗ್ಗಿಸಬಹುದೆಂಬ ಮಿತಿಯನ್ನು ಕ್ಲಾಡ್ ಶ್ಯಾನನ್ 1948ರಲ್ಲಿ ತೋರಿಸಿಕೊಟ್ಟಿದ್ದರು. ಮೇಲಿಂದ ಮೇಲೆ ಬರುವುದಕ್ಕೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ: ಇದೇ ಗುಟ್ಟು. ಇದನ್ನು ಅತ್ಯಂತ ಮಿತವಾಗಿ ಸಾಧಿಸುವ ಕ್ರಮವನ್ನು ಡೇವಿಡ್ ಹಫ್ಮನ್ 1951ರಲ್ಲಿ, ಎಂ.ಐ.ಟಿ.ಯ ವಿದ್ಯಾರ್ಥಿಯಾಗಿದ್ದಾಗ, ಪರೀಕ್ಷೆಗೆ ಬದಲು ಬರೆಯಬೇಕಾಗಿದ್ದ ಪ್ರಬಂಧಕ್ಕಾಗಿ ಕಂಡುಹಿಡಿದರು. ಗುರು ರಾಬರ್ಟ್ ಫ್ಯಾನೋ ಅವರ ಕ್ರಮವನ್ನೇ ಶಿಷ್ಯ ಮೀರಿಸಿದ್ದ. ಅಧ್ಯಾಪಕನಿಗೆ ಇದಕ್ಕಿಂತ ಭಾಗ್ಯವುಂಟೆ?

ಆದರೆ ಗುರುಗ್ರಹದ ಚಿತ್ರಗಳಿಗೆ ಇಷ್ಟು ಸಾಲದಾಯಿತು. ವಿಜ್ಞಾನಿಗಳು ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ಮುಖ್ಯವಾದ ಛಾಯೆಗಳನ್ನು ಇಟ್ಟುಕೊಂಡು, ನವಿರಾದ ವ್ಯತ್ಯಾಸಗಳನ್ನು ಬಿಟ್ಟುಕೊಟ್ಟರು. ನೌಕೆಯ ಗಣಕಗಳು 1970ರ ದಶಕದ ಬಗೆಯವು, ಬಲು ನಿಧಾನ. ಆದಕಾರಣ ಭಿನ್ನರಾಶಿಗಳ ಶ್ರಮ ತಪ್ಪಿಸಿ ಪೂರ್ಣಾಂಕಗಳಲ್ಲೇ ಲೆಕ್ಕ ಮುಗಿಯುವಂತೆ ಮಾಡಿದರು. ಈ ಹೊಸ ಪಾಠವನ್ನು 1996ರಲ್ಲಿ ಭೂಮಿಯಿಂದಲೇ ರೇಡಿಯೋ ಮೂಲಕ ನೌಕೆಗೆ ಕಲಿಸಿದರು. ಚಿತ್ರಗಳ ಹೊರೆ ಹತ್ತರಲ್ಲೊಂದು ಪಾಲಿಗೆ ಇಳಿಯುವಂತಾಯಿತು. ಟೇಪಿನಲ್ಲಿ ಮುದ್ರಿಸಿಟ್ಟದ್ದು ವಾರಗಟ್ಟಲೆ ಹನಿಹನಿಯಾಗಿ ಭೂಮಿಗೆ ಬಂದಿತು.

2003ರ ಸೆಪ್ಟೆಂಬರ್ 21ರಂದು ನೌಕೆಯು ಗುರುಗ್ರಹದ ವಾಯುಮಂಡಲದಲ್ಲಿ ಲಯವಾಯಿತು. ಅಷ್ಟರೊಳಗೆ, ಯುರೋಪಾ ಎಂಬ ಉಪಗ್ರಹದ ಹಿಮದಡಿಯಲ್ಲಿ ಸಾಗರವಿರಬಹುದೆಂಬುದಕ್ಕೆ ಬಲವಾದ ಸಾಕ್ಷ್ಯವನ್ನು ಅದು ಕಳುಹಿಸಿಯಾಗಿತ್ತು.

ಯಾವುದನ್ನು ಬಿಟ್ಟರೆ ಅರ್ಥ ಕೆಡದೆಂದು ಅರಿಯುವುದು ಸೂತ್ರಕಾರನಿಗೂ ವಿಜ್ಞಾನಿಗೂ ಸಮಾನವಾದ ಕಷ್ಟ. ಅಷ್ಟು ದೂರದಲ್ಲಿ ಒಮ್ಮೆ ಬಿಟ್ಟದ್ದು ಮತ್ತೆ ಕೈಗೆ ಬಾರದಷ್ಟೆ.